ತೋಟ ಮಾರುವ ಮಾತಿಗೆ ಮೊದಲು

ದೊಡ್ಡಪ್ಪ: ಮನೆಯವರ ಈ ಗುಂಪಿಗೆ ಈಗಷ್ಟೇ ಕಳಿಸಿದ ಸುದ್ದಿಯನ್ನು ಎಲ್ಲರೂ ಓದಿರಿ. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳಿಗೆ ಅಮೆರಿಕದ ವಿಜ್ಞಾನಿಯೊಬ್ಬರು ಇಂಜೆಕ್ಷನ್ ಕೊಟ್ಟು ದೃಷ್ಟಿ ಬರಿಸಿದ್ದಾರೆ. ನಮ್ಮ ಮಾಣಿಯದೂ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಕಾಯಿಲೆ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದಾರಲ್ಲ. ಹಣದ ಯೋಚನೆ ಬೇಡ, ಕೆಳಗಿನ ತೋಟ ಮಾರಿಯಾದರೂ ಕೊಡಿಸೋಣ.

ನಾನು: ದೊಡ್ಡಪ್ಪ, ಸುದ್ದಿ ನಿಜ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಬೆನೆಟ್ ಮತ್ತು ಅವರ ಪತಿ, ಕಣ್ಣಿನ ಶಸ್ತ್ರವೈದ್ಯ ಆಲ್ಬರ್ಟ್ ಮ್ಯಾಗ್ವಾಯರ್ ಇದಕ್ಕಾಗಿ ದಶಕಗಟ್ಟಲೆ ದುಡಿದಿದ್ದಾರೆ. ಅವರೂ ಸಹೋದ್ಯೋಗಿಗಳೂ ಹುಟ್ಟುಗುರುಡು ನಾಯಿಗಳಿಗೆ ದೃಷ್ಟಿ ಬರಿಸಿದ್ದನ್ನು 2001ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಲಕ್ಸ್‌ಟರ್ನಾ ಎಂಬ ಹೆಸರಿನಲ್ಲಿ ಆ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2017ರ ಡಿಸೆಂಬರಿನಲ್ಲಿ. ಆದರೆ ಆರ್‌ಪಿಇ65 ಎಂಬ ಒಂದು ವಂಶವಾಹಿಯ, ತಾಯಿಯಿಂದೊಂದು ತಂದೆಯಿಂದೊಂದು ಬಂದ ಎರಡೂ ಪ್ರತಿಗಳು ಕೆಟ್ಟಿರುವವರಿಗೆ ಮಾತ್ರ ಅದು ಉಪಯೋಗ. ಮಾಣಿಗೆ ಹೇಳಿರುವ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಇರುಳುಗುರುಡಿನಿಂದ ಶುರುವಾಗಿ ರೆಟಿನಾದ ಕೋಶಗಳು ಮೆಲ್ಲಮೆಲ್ಲಗೆ ಸಾಯುವ ಕಾಯಿಲೆ, ಐವತ್ತಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಯಾವುದು ಕೆಟ್ಟರೂ ಬರಬಹುದು. ಎರಡು ಕಣ್ಣಿಗೆ 8,50,000 ಡಾಲರ್ ಬೆಲೆಯಿಟ್ಟ ಔಷಧವದು. ತೋಟದ ಮಾತು ಈಗಲೇ ಬೇಡ.

ಭಾವ: ಹಾಗಾದರೆ ವಂಶವಾಹಿ ಪರೀಕ್ಷೆಗೂ ದುಡ್ಡು ಸುರಿಯುವುದೇಕೆ? ಕೆಟ್ಟದ್ದು ಬೇರೆ ವಂಶವಾಹಿಯಾದರೆ ಔಷಧವಿಲ್ಲ, ಇದೇ ಆದರೆ ಕೊಳ್ಳುವ ಶಕ್ತಿಯಿಲ್ಲ.

ಅತ್ತೆ: ಇರುಳುಗುರುಡಿಗೆ ಹೊನಗೊನೆ ಸೊಪ್ಪು, ಎ ಜೀವಸತ್ವದ ಮಾತ್ರೆ ಸಾಕು. ನಮ್ಮ ಕಾಲದಲ್ಲಿ ಎಷ್ಟೋ ಜನಕ್ಕೆ ಗುಣವಾಗಿದೆ.

ನಾನು: ಅತ್ತೆ, ಆಹಾರದ ಕೊರತೆಯಿಂದ ಬಂದ ಇರುಳುಗುರುಡು ಖಂಡಿತ ಹಾಗೆ ಗುಣವಾಗುತ್ತದೆ. ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಅಣು ಎ ಜೀವಸತ್ವದಿಂದಲೇ ಆಗುತ್ತದೆ ಎಂದು ತೋರಿಸಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಬಹುಮಾನವೂ ಬಂತು. ಬೆಳಕು ಬಿದ್ದೊಡನೆ ಬಾಗಿದ್ದ ಆ ಅಣು ನೆಟ್ಟಗಾಗುತ್ತದೆ. ಮತ್ತೆ ಕೆಲಸಕ್ಕೆ ಬರಬೇಕಾದರೆ ಅದು ಪುನಃ ಬಾಗಬೇಕು. ಆ ಕೆಲಸ ಮಾಡುವ ಕಿಣ್ವವನ್ನು ತಯಾರಿಸುವುದೇ ಆರ್‌ಪಿಇ65. ಕಿಣ್ವವೇ ಇಲ್ಲದವನಿಗೆ ಎಷ್ಟು ಸೊಪ್ಪು ತಿನ್ನಿಸಿದರೂ ಅಣು ಬಾಗುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಕೆಟ್ಟದ್ದು ಎಬಿಸಿಎ4 ಎಂಬ ವಂಶವಾಹಿಯಾಗಿದ್ದರೆ ಎ ಜೀವಸತ್ವದ ಮಾತ್ರೆಯಿಂದ ರೆಟಿನಾಕ್ಕೆ ಹಾನಿಯೇ ಹೆಚ್ಚಬಹುದು. ದಯವಿಟ್ಟು ವೈದ್ಯರನ್ನು ಕೇಳದೆ ಮಾತ್ರೆ ಕೊಡಬೇಡಿ.

ಭಾವ, ನಿಮಗೂ ಉತ್ತರ ಇದರಲ್ಲೇ ಇದೆ. ಔಷಧ ಸಿಗಲಿ ಬಿಡಲಿ, ಯಾವ ಮಾತ್ರೆ ಕೊಡಬಾರದು, ಕಾಯಿಲೆ ಯಾವ ವೇಗದಲ್ಲಿ ಮುಂದುವರಿಯಬಹುದು, ಅವನ ತಂಗಿಗೂ ಬರಬಹುದೇ ಎಂಬುದೆಲ್ಲ ವಂಶವಾಹಿಯ ಹೆಸರು ತಿಳಿದ ಮೇಲಿನ ಮಾತು. ಕಾಲದ ಪ್ರಶ್ನೆಯೂ ಇದೆ: ಹೊಸ ವಂಶವಾಹಿಯನ್ನು ನಿರುಪದ್ರವಿ ವೈರಸ್ಸಿನಲ್ಲಿಟ್ಟು ರೆಟಿನಾದ ಅಡಿಗೆ ಚುಚ್ಚಿದರೂ, ಅದು ನೆರವಾಗುವುದು ಇನ್ನೂ ಬದುಕಿರುವ ಕೋಶಗಳಿಗೆ ಮಾತ್ರ, ಸತ್ತ ಕೋಶ ಮರಳುವುದಿಲ್ಲ. ಕಳೆದ ದೀಪಾವಳಿಯಲ್ಲಿ ಮುಸ್ಸಂಜೆ ಹೊತ್ತಿಗೆ ತೋಟದ ಸಂಕ ದಾಟುವಾಗ ಮಾಣಿ ನಿಂತು, ಬಲಗಾಲಿನ ಬೆರಳುಗಳಿಂದ ಮರದ ಅಂಚನ್ನು ತಡವಿ, ಆಮೇಲೆ ಹೆಜ್ಜೆಯಿಟ್ಟಿದ್ದನ್ನು ನಾನು ನೋಡಿದ್ದೇನೆ. ಹಗಲಿನಲ್ಲಿ ಅದೇ ಸಂಕದ ಮೇಲೆ ಓಡುತ್ತಾನೆ. ಅವನಲ್ಲಿ ಉಳಿದಿರುವ ಕೋಶಗಳಿವೆ ಎಂದೇ ನಾನು ಇಷ್ಟು ಹಟ ಹಿಡಿದಿರುವುದು.

ಭಾವ: ಪರೀಕ್ಷೆಗೆ ನನ್ನ ಅಡ್ಡಿಯಿಲ್ಲ. ಆದರೆ ವರದಿ ಬಂದ ಮೇಲೆ ಸಂಬಂಧದೊಳಗೆ ಮದುವೆ ಮಾಡಿದ್ದಕ್ಕೇ ಹೀಗಾಯಿತು ಎಂದು ಯಾರೂ ಆಡಿಕೊಳ್ಳಬಾರದು.

ನಾನು: ಆ ಮಾತು ಸರಿ. ಸೋದರಿಕೆಯ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು ಎಂಬುದು ನಿಜವಾದರೂ, ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಇಂಥ ಕಾಯಿಲೆಯಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿರುವವರ ಕಣ್ಣು ಚೆನ್ನಾಗಿಯೇ ಇರುತ್ತದೆ. ಅಣ್ಣನಿಗೂ ಅತ್ತಿಗೆಗೂ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ದೊಡ್ಡಪ್ಪ: ಪರೀಕ್ಷೆಯ ಖರ್ಚು ನನ್ನದು. ತೋಟದ ವಿಚಾರ ಆಮೇಲೆ ನೋಡೋಣ.

ಅತ್ತಿಗೆ: ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಅವನೊಬ್ಬನ ರಕ್ತ ಕೊಟ್ಟರೆ ಸಾಕೇ?

ನಾನು: ನೀವು, ಅಣ್ಣ ಇಬ್ಬರೂ ಕೊಡುವುದು ಒಳ್ಳೆಯದು ಅತ್ತಿಗೆ. ಅವನಲ್ಲಿ ಎರಡು ದೋಷಗಳು ಕಂಡರೆ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದೇ ಅಥವಾ ಎರಡೂ ಒಬ್ಬರಿಂದಲೇ ಬಂದವೇ ಎಂಬುದು ನಿಮ್ಮಿಬ್ಬರ ರಕ್ತ ನೋಡಿದರೆ ಸ್ಪಷ್ಟವಾಗುತ್ತದೆ. ಹೋಗುವಾಗ ಹುಬ್ಬಳ್ಳಿಯ ವರದಿಗಳನ್ನೂ ರೆಟಿನಾದ ಚಿತ್ರಗಳನ್ನೂ ಮರೆಯದೆ ಒಯ್ಯಿರಿ.