ಸಹಾಯ ಬೇಕು: ಐದೂವರೆ ಅಡಿ ಗೋಡೆಗೆ ಪಿಯಾನೋ

ಚಿಕ್ಕಮಗಳೂರಿನಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಮಗಳಿಗೆ ಕೀಬೋರ್ಡ್ ಸಾಕಾಗಿದೆ, ಈಗ ನಿಜವಾದ ಪಿಯಾನೋನೇ ಬೇಕಂತೆ. ಸುತ್ತಿಗೆ ತಂತಿಗೆ ಬಡಿದು ಬರುವ ನಾದವೇ ಬೇರೆ, ಒಪ್ಪುತ್ತೇನೆ. ಆದರೆ ಟಿವಿ ಪಕ್ಕ ಖಾಲಿ ಇರುವುದು ಐದೂವರೆ ಅಡಿ ಗೋಡೆ ಮಾತ್ರ. ಮೆಟ್ಟಿಲ ತಿರುವಿನಲ್ಲಿ ಬೀರು ಹತ್ತಿಸಲಿಕ್ಕೇ ಒದ್ದಾಡಿದ್ದೆವು!

ಸ್ಪಿನೆಟ್ ಎಂಬ ಗಿಡ್ಡ ಪಿಯಾನೋದ ಎತ್ತರ 40 ಇಂಚಿನೊಳಗೇ ಬರುತ್ತದೆ. ಆದರೆ 88 ಕೀ ಅಂದಮೇಲೆ ಅಗಲ ಕಡಿಮೆಯಾಗಲ್ಲ ಅಲ್ವಾ? ಮೇಲಾಗಿ ಅದರ ಸುತ್ತಿಗೆ ಯಂತ್ರ ಕೀಗಳ ಕೆಳಮಟ್ಟದಲ್ಲಿದೆ, ರಿಪೇರಿ ರಗಳೆ. ಪಿಯಾನೋ ತಯಾರಕ ಡೇವಿಡ್ ಕ್ಲಾವಿನ್ಸ್ ಅವರ ಉನಾ ಕೊರ್ಡಾ ಎಂಬ ಪಿಯಾನೋದಲ್ಲಿ ಸ್ವರಕ್ಕೆ ಒಂದೇ ತಂತಿ, ಹಾಗಾಗಿ ಹಗುರ. ಅಂಥ ಹೊಸ ವಿನ್ಯಾಸದ್ದನ್ನು ಯಾರಾದರೂ ನುಡಿಸಿದ್ದೀರಾ?

ಮಳೆಗಾಲದಲ್ಲಿ ನಮ್ಮ ಬಾಗಿಲೇ ಊದಿಕೊಂಡು ಮುಚ್ಚಲ್ಲ, ಇನ್ನು ಪಿಯಾನೋ ಮರದ ಗತಿ? ಹಾಸನದ ಕಡೆಯಾದರೂ ಪರವಾಗಿಲ್ಲ, ಶ್ರುತಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.