ಹೊಸ ಫಿಲ್ಟರ್ ಹಾಕಿದ ಮೇಲೂ ಆಯಿಲ್ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಹೆಸರಘಟ್ಟದಿಂದ): ನಮಸ್ಕಾರ ಸರ್. ನಮ್ಮ ತಂದೆಯವರ ಕಾಲದ ಮ್ಯಾಸಿ 1035 ಟ್ರ್ಯಾಕ್ಟರ್ ಇನ್ನೂ ಮನೆಯಲ್ಲಿದೆ. ಮೂರು ಸಿಲಿಂಡರ್ ಪರ್ಕಿನ್ಸ್ ಎಂಜಿನ್. ಮಾರಲು ಮನಸ್ಸಿಲ್ಲ. ಹೋದ ವಾರ ಜೆ.ಸಿ. ರಸ್ತೆಯಿಂದ ಆಯಿಲ್ ಫಿಲ್ಟರ್ ಎಲಿಮೆಂಟ್ (ಬಟ್ಟಲಿನೊಳಗೆ ಕೂರುವ ಕಾಗದದ ಸೋಸುಕ) ತಂದು ನಾನೇ ಬದಲಾಯಿಸಿದೆ. ಈಗ ಫಿಲ್ಟರ್ ಬಟ್ಟಲಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಬೋಲ್ಟ್ ಬಿಗಿ ಮಾಡಿದಷ್ಟೂ ಜಾಸ್ತಿ ಆಯ್ತು. ಬಟ್ಟಲೇ ಹೋಗಿದೆಯಾ?

ಉತ್ತರ: ಮೊದಲು ಬಿಗಿ ಮಾಡೋದನ್ನು ನಿಲ್ಲಿಸಿ ಸರ್. ಇನ್ನೂ ತಿರುಗಿಸಿದರೆ ಬಟ್ಟಲಿನ ಬಾಯಿ ಸೊಟ್ಟಗಾಗುತ್ತದೆ.

ನನ್ನ ಅನುಮಾನ ಹಳೆ ರಬ್ಬರ್ ರಿಂಗ್ ಮೇಲೆ. ಬಟ್ಟಲಿನ ಅಂಚು ಬಂದು ಕೂರುವ ತೋಡಿನೊಳಗೆ ಅದು ಇರುತ್ತದೆ. ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿ ಬೆಂದು ಕಪ್ಪಾಗಿ, ಗಟ್ಟಿಯಾಗಿ, ಕಬ್ಬಿಣದ ಅಂಚೇ ಅನ್ನುವ ಹಾಗೆ ಕಾಣುತ್ತದೆ. ಗೊತ್ತಾಗದೆ ಅದರ ಮೇಲೇ ಹೊಸದನ್ನು ಕೂರಿಸಿಬಿಡುತ್ತೇವೆ. ರಿಂಗ್ ಮೇಲೆ ರಿಂಗ್ ನಿಲ್ಲುವುದಿಲ್ಲ, ಜಾರುತ್ತದೆ.

ದಬ್ಬಳ ತಗೊಂಡು ಆ ಕಪ್ಪು ಅಂಚಿಗೆ ಚುಚ್ಚಿ ನೋಡಿ. ಕಬ್ಬಿಣ ಆದರೆ ಮೊನೆ ಜಾರುತ್ತದೆ, ರಬ್ಬರ್ ಆದರೆ ಕಚ್ಚುತ್ತದೆ. ಕಚ್ಚಿದರೆ ನಿಧಾನವಾಗಿ ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಡಿ, ಆ ತೋಡಿನಲ್ಲಿ ಗೀರು ಬಿದ್ದರೆ ಆಮೇಲೆ ಯಾವ ರಿಂಗೂ ಸೋರಿಕೆ ತಡೆಯೋದಿಲ್ಲ. ಬಟ್ಟಲನ್ನು ಡೀಸೆಲ್‌ನಲ್ಲಿ ತೊಳೆದು ತಳದ ಗಸಿಯನ್ನು ಬೆರಳು ಹಾಕಿ ತೆಗೆಯಿರಿ. ಒಳಗಿನ ಸ್ಪ್ರಿಂಗ್, ವಾಷರ್ ಬಿಚ್ಚುವಾಗ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಹೋಗಬೇಕು. ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ರಿಂಗ್‌ಗೆ ಆಯಿಲ್ ಸವರಿ, ಬಟ್ಟಲನ್ನು ಕೈಯಲ್ಲಿ ಅತ್ತಿತ್ತ ತಿರುಗಿಸುತ್ತಾ ಬೋಲ್ಟ್ ಹಿಡಿಸಿ. ಅಂಚು ಸುತ್ತಲೂ ಸರಿಯಾಗಿ ಕೂತಿದೆ ಅಂತ ಕೈಗೆ ಗೊತ್ತಾಗುತ್ತದೆ.

ಸ್ಟಾರ್ಟ್ ಮಾಡುವಾಗ, ಎಂಜಿನ್ ಹತ್ತಿಕೊಳ್ಳದ ಹಾಗೆ ಸ್ಟಾಪ್ ನಾಬ್ ಎಳೆದುಕೊಂಡು ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಎದ್ದ ಮೇಲೇ ಎಂಜಿನ್ ಚಾಲೂ ಆಗಲಿ. ಬಟ್ಟಲು ಖಾಲಿ ಇರುತ್ತದೆ ಅಲ್ವಾ, ಅದು ತುಂಬುವವರೆಗೆ ಬೇರಿಂಗ್‌ಗೆ ಆಯಿಲ್ ಹೋಗೋದಿಲ್ಲ. ಐದು ನಿಮಿಷ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟದ ಕಡ್ಡಿ) ಮತ್ತೆ ನೋಡಿ. ಬಟ್ಟಲು ಕುಡಿದಷ್ಟು ಆಯಿಲ್ ಮೇಲಿಂದ ಹಾಕಿ.

ಹಳೆ ಎಲಿಮೆಂಟ್ ಎಸೆದಿಲ್ಲ ತಾನೇ?

ಹೆಸರಘಟ್ಟದವರು: ಸರ್, ಒಂದಲ್ಲ, ಎರಡು ಹಳೆ ರಿಂಗ್ ಬಂದವು! ಸೋರಿಕೆ ನಿಂತಿದೆ. ಹಳೆ ಎಲಿಮೆಂಟ್ ಇಲ್ಲೇ ಇದೆ, ಏನು ನೋಡಬೇಕು?

ಉತ್ತರ: ಒಳ್ಳೆಯದಾಯ್ತು. ಅದರ ಕಾಗದ ಕತ್ತರಿಸಿ, ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬರೀ ಕಪ್ಪು ಮಸಿ ಇದ್ದರೆ ಚಿಂತೆ ಬೇಡ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಯಾವುದೋ ಬುಷ್ ಸವೆಯುತ್ತಿದೆ. ಬೂದು ಮಿಂಚು ಕಂಡರೆ ಅಯಸ್ಕಾಂತ ಇಡಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಬೇರಿಂಗ್ ಪುಡಿ ಇರಬಹುದು, ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಡೀಸೆಲ್ ವಾಸನೆ ಹೊಡೆದು, ಮಟ್ಟವೂ ತಾನಾಗೇ ಏರಿದ್ದರೆ ಡೀಸೆಲ್ ತಳ್ಳುವ ಫೀಡ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪರದೆ) ಹರಿದಿದೆಯಾ ನೋಡಿಸಿ. ಅದು ಹರಿದರೆ ಡೀಸೆಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಈ ಕಾಗದ ಓದುವ ಅಭ್ಯಾಸ ಮಾಡಿಕೊಳ್ಳಿ ಸರ್, ಎಂಜಿನ್ ಬಿಚ್ಚದೇ ಅದರ ಹೊಟ್ಟೆಯೊಳಗಿನದು ತಿಳಿಯುತ್ತದೆ.

ಪ್ರಶ್ನೆ (ಆನೇಕಲ್‌ನಿಂದ): ಅಣ್ಣಾ, ನಮ್ಮದೂ ಇದೇ ಗಾಡಿ. ವರ್ಷಕ್ಕೆ 40 ಗಂಟೆ ಓಡಿದರೆ ಹೆಚ್ಚು. 250 ಗಂಟೆ ಆಗುವವರೆಗೂ ಫಿಲ್ಟರ್ ಬಿಡಬಹುದಾ?

ಉತ್ತರ: ಬೇಡಪ್ಪ. ನಿಂತ ಗಾಡಿಯ ಆಯಿಲ್‌ಗೂ ತೇವ ಸೇರುತ್ತದೆ, ಹುಳಿಯಾಗುತ್ತದೆ. ವರ್ಷಕ್ಕೊಂದು ಸಲ ಆಯಿಲ್, ಎಲಿಮೆಂಟ್, ರಿಂಗ್ ಮೂರೂ ಒಟ್ಟಿಗೆ ಬದಲಾಗಲಿ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ನಿಲ್ಲೋದಿಲ್ಲ, ಅದೇ ಅಪಾಯ. ಬೈಪಾಸ್ ವಾಲ್ವ್ ತೆರೆದುಕೊಂಡು ಕೊಳೆ ಆಯಿಲ್ ನೇರ ಬೇರಿಂಗ್‌ಗೆ ಹೋಗುತ್ತದೆ, ನಿನಗೆ ಸದ್ದೂ ಕೇಳಿಸದು. ಹಾಗೇ ಏರ್ ಕ್ಲೀನರ್ ಕೆಳಗಿನ ಆಯಿಲ್ ಬಟ್ಟಲನ್ನೂ ಬಿಚ್ಚಿ ನೋಡು. ನಮ್ಮ ಕಡೆಯ ಕೆಂಪು ಧೂಳು ಅಲ್ಲಿ ಕೆಸರಾಗಿ ಕೂತಿದ್ದರೆ ಮೊದಲು ಅದನ್ನು ತೊಳಿ. ಆಮೇಲೆ ಗುರುತಿನ ಗೆರೆವರೆಗೆ ಹೊಸ ಆಯಿಲ್ ಹಾಕು, ಅದಕ್ಕಿಂತ ಮೇಲೆ ಬೇಡ.