ಚೆಸ್‌ನಲ್ಲಿ ಪಾನ್ (ಕಾಲಾಳು) ಓಟ: ಮೊದಲು ಕ್ವೀನ್ ಮಾಡಿದವನೇ ಸೋತಿದ್ದು ಹೇಗೆ?

ಪ್ರಶ್ನೆ (ಸಪ್ತಾಪುರ, ಧಾರವಾಡ): ನಮಸ್ಕಾರ ಸರ್. ಮಗ ಭಾನುವಾರ ಹುಬ್ಬಳ್ಳಿಯಲ್ಲಿ ಟೂರ್ನಮೆಂಟ್ ಆಡಿದ. ಕೊನೆಗೆ ಬೋರ್ಡ್ ಮೇಲೆ ಉಳಿದಿದ್ದು ಇಷ್ಟೇ. ಬಿಳಿ, ಅಂದ್ರೆ ಮಗ: ರಾಜ ಇ4 (ಇ ಸಾಲಿನ ನಾಲ್ಕನೇ ಮನೆ), ಪಾನ್ ಎ4. ಕಪ್ಪು: ರಾಜ ಎಫ್6, ಪಾನ್ ಎಚ್5. ನಡೆ ಇವನದು. ಟೈಮ್ ಕಡಿಮೆ ಇತ್ತು, ಸುಮ್ನೆ ಪಾನ್ ಓಡಿಸಿದ. ಪಾನ್ ಕೊನೆ ಮನೆ ಮುಟ್ಟಿಸಿ ಮೊದಲು ಕ್ವೀನ್ ಮಾಡಿದ್ದೂ ಇವನೇ, ಆದರೂ ಸೋತ. ರಾಜನನ್ನು ಎಫ್4ಗೆ ತಂದು ಆ ಪಾನ್ ಹಿಡಿಯಬೇಕಿತ್ತು ಅಂತಾರೆ ಗೆಳೆಯರು. ಹೌದಾ?

ಉತ್ತರ (ಚೆಸ್ ಕೋಚ್, ಹುಬ್ಬಳ್ಳಿ): ಇಲ್ಲ ಅಕ್ಕಾರೇ. ರಾಜ ಎಫ್4 ಆಡಿದ್ದರೆ ಡ್ರಾ. ಕಪ್ಪು ರಾಜ ಇ6, ಡಿ6 ಅಂತ ಹೋಗಿ ಎ ಪಾನ್ ಹಿಡಿಯುತ್ತಾನೆ. ಇತ್ತ ನಿಮ್ಮ ರಾಜ ಎಚ್ ಪಾನ್ ತಿನ್ನುತ್ತಾನೆ. ಇಬ್ಬರೂ ಬರಿಗೈ.

ಮಗ ಆಡಿದ ಎ5 ಗೆಲ್ಲುವ ನಡೆಯೇ. ಪಾನ್ ಎ5ಕ್ಕೆ ಬಂದಾಗ ಎ5, ಎ8, ಡಿ8, ಡಿ5 ಸೇರಿಸಿ ಒಂದು ಚೌಕ ಅಂದುಕೊಳ್ಳಿ. ಪಾನ್ ಹಿಡಿಯಬೇಕಾದರೆ ಕಪ್ಪು ರಾಜ ಈಗಿನ ನಡೆಯಲ್ಲೇ ಅದರೊಳಗೆ ಕಾಲಿಡಬೇಕು. ಎಫ್6ರಿಂದ ಇ ಸಾಲಿನವರೆಗೆ ಮಾತ್ರ ಬರಬಹುದು. ಒಂದೇ ಒಂದು ಮನೆ ಕಡಿಮೆ ಬೀಳುತ್ತದೆ!

ಮುಂದೆ ಎಚ್4, ಎ6, ಎಚ್3. ಇಲ್ಲಿ ಅವನು ಎ7 ಆಡಿರಬೇಕು, ಅಲ್ವಾ? ಆಗ ಎಚ್2, ಎ8 ಕ್ವೀನ್, ಎಚ್1 ಕ್ವೀನ್, ಅದೂ ಚೆಕ್ (ರಾಜನ ಮೇಲೆ ನೇರ ದಾಳಿ) ಕೊಟ್ಟು. ಎ8, ಇ4, ಎಚ್1 ಮೂರೂ ಒಂದೇ ಡಯಾಗನಲ್ (ಓರೆ ಸಾಲು). ರಾಜ ಪಕ್ಕಕ್ಕೆ ಸರಿಯಲೇಬೇಕು. ಸರಿದ ಕೂಡಲೇ ಹಿಂದಿರುವ ಕ್ವೀನ್ ಹೋಯಿತು. ರಾಜ ಮೊದಲಿನಿಂದ ಇ3ರಲ್ಲಿ ಇದ್ದಿದ್ದರೆ ಇದೇ ಓಟ ಗೆಲುವು ನೋಡ್ರಿ. ಎ8ರ ಕ್ವೀನ್ ನೇರವಾಗಿ ಎಚ್1 ಕಾಯುತ್ತಿತ್ತು.

ಎ7 ಬದಲು ರಾಜ ಎಫ್3 ಆಡಬೇಕಿತ್ತು. ಎಚ್2ಕ್ಕೆ ರಾಜ ಜಿ2. ಅಲ್ಲಿಗೆ ಆ ಪಾನ್ ಕಥೆ ಮುಗಿಯಿತು. ಎ ಪಾನ್‌ಗೆ ಇನ್ನೆರಡು ಹೆಜ್ಜೆ, ಕಪ್ಪು ರಾಜ ಎಫ್6 ಬಿಟ್ಟು ಕದಲಿಲ್ಲ.

ಪ್ರಶ್ನೆ ಕೇಳಿದವರು: ಹೌದ್ರಿ ಸರ್, ಎ7 ಅಂತಾನೇ ಬರೆದಿದ್ದಾನೆ. ಟೈಮ್ ಇಲ್ಲದಾಗ ಇಷ್ಟೆಲ್ಲಾ ನೋಡೋದು ಹೇಗೆ?

ಉತ್ತರ: ಎಲ್ಲಾ ನಡೆ ನೋಡೋದು ಬೇಡ. ಇಲ್ಲಿ ತೂಗಬೇಕಾದ್ದು ಎರಡೇ: ಪಾನ್ ದೂಡೋದಾ, ರಾಜನನ್ನು ತಿರುಗಿಸೋದಾ. ನನ್ನ ಹತ್ತಿರ ಬರುವ ಮಕ್ಕಳು ಜಾಸ್ತಿ ಎಡವುವುದು ಎಣಿಕೆ ನಿಲ್ಲಿಸುವ ಜಾಗದಲ್ಲಿ. ತಮ್ಮ ಕ್ವೀನ್ ಆಯಿತು ಅಂದ ಕೂಡಲೇ ನಿಲ್ಲಿಸುತ್ತಾರೆ. ಎದುರಿನವನ ಇನ್ನೊಂದು ನಡೆ ಎಣಿಸಲಿ. ಅದು ಚೆಕ್ ಆಗುತ್ತದಾ, ಅಷ್ಟು ನೋಡಲಿ. ಐದು ಸೆಕೆಂಡಿನ ಕೆಲಸ.

ಇನ್ನೊಬ್ಬರು (ಹಾವೇರಿ): ಸರ್, ನಮ್ಮದು ಮೊದಲು ಕ್ವೀನ್ ಆಗಿ, ಅವರ ಪಾನ್ ಇನ್ನೊಂದೇ ಹೆಜ್ಜೆ ದೂರ, ಪಕ್ಕದಲ್ಲೇ ಅವರ ರಾಜ ಇದ್ದರೆ ಗೆಲುವು ಖಾತ್ರಿನಾ?

ಉತ್ತರ: ನಿಮ್ಮ ರಾಜ ದೂರ ಇದ್ದರೆ ಪಾನ್ ಯಾವ ಸಾಲಿನದು ಅನ್ನೋದರ ಮೇಲೆ ಹೋಗುತ್ತದೆ. ಬಿ, ಡಿ, ಇ, ಜಿ ಆದರೆ ಸಾಮಾನ್ಯವಾಗಿ ಗೆಲುವು. ಚೆಕ್ ಕೊಡುತ್ತಾ ಅವರ ರಾಜನನ್ನು ಪಾನ್ ಮುಂದೆಯೇ ನಿಲ್ಲಿಸಿ, ಆ ಬಿಡುವಿನಲ್ಲಿ ನಿಮ್ಮ ರಾಜನನ್ನು ಒಂದೊಂದೇ ಮನೆ ಹತ್ತಿರ ತರಬಹುದು. ಎ, ಸಿ, ಎಫ್, ಎಚ್ ಆದರೆ ಬಹುತೇಕ ಡ್ರಾ, ಮೂಲೆಯಲ್ಲಿ ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದೆ ಆಟ ಡ್ರಾ ಆಗುವುದು) ಕಾಯುತ್ತಿರುತ್ತದೆ.